ಹೊಸಬರಿಗೆ ಒಂದು ಸುಲಭದ ಬಿಯರ್

ಶುಕ್ರವಾರ ಬೆಳಿಗ್ಗೆ ಕೊತ್ತಂಬರಿ ಸೊಪ್ಪು ತರಲೆಂದು ಹೋದವಳು ಒಂದು ಡಬ್ಬಿಯ ಮುಂದೆ ನಿಂತುಬಿಟ್ಟೆ.

ಅಂಗಡಿ ಹಮೀದಾಕನದು. ಮಸ್ಕತ್ತಿನ ಅಲ್ ಮವಾಲೇಹ್‌ನ ತರಕಾರಿ ಮಾರುಕಟ್ಟೆಯಿಂದ ಒಂದು ರಸ್ತೆ ಆಚೆ, ಕುಚ್ಚಲಕ್ಕಿ, ಒಣಮೀನು, ಬ್ಯಾಡಗಿ ಮೆಣಸು ಸಿಗುವ ಜಾಗ. ಹಮೀದಾಕ ಉಳ್ಳಾಲದ ಕಡೆಯ ಬ್ಯಾರಿಗಳು. ನಾವು ಮಸ್ಕತ್ತಿಗೆ ಬರುವಾಗಲೇ ಅವರ ಗಡ್ಡ ಅರ್ಧ ಬೆಳ್ಳಗಾಗಿತ್ತು. ಬೇಕರಿಯವರಿಗೆಂದು ಅವರು ಮೂಲೆಯಲ್ಲಿ ಒಂದು ಕಪಾಟು ಇಟ್ಟಿದ್ದಾರೆ. ಅದರಲ್ಲಿ ಕೋಕೋ ಪುಡಿ, ವೆನಿಲ್ಲಾ ಬಾಟಲಿಗಳ ನಡುವೆ, ಬಾರ್ಲಿ ತೆನೆಯ ಚಿತ್ರವಿದ್ದ ಮಾಲ್ಟ್ ಎಕ್ಸ್‌ಟ್ರಾಕ್ಟಿನ ಡಬ್ಬಿ. ಎಷ್ಟು ವರ್ಷಗಳಿಂದ ಅಲ್ಲಿತ್ತೋ, ನನ್ನ ಕಣ್ಣಿಗೆ ಬಿದ್ದದ್ದು ಆ ದಿನವೇ. ಯಾಕೆಂದರೆ ಒಂದು ಗಂಟೆಯ ಹಿಂದಷ್ಟೇ ನ್ಯೂಜಿಲೆಂಡಿನಿಂದ ನನ್ನ ತಮ್ಮ ಸುಧಾಕರ ಫೋನು ಮಾಡಿ, ಬಹಳ ತಿಂಗಳುಗಳ ನಂತರ ತಾನಾಗಿಯೇ ಒಂದು ಪೂರ್ತಿ ವಾಕ್ಯ ಆಡಿದ್ದ.

"ಅಕ್ಕ, ಏನೂ ಗೊತ್ತಿಲ್ಲದವರು ಮಾಡ್ಲಿಕ್ಕೆ ಆಗುವಂಥ ಒಂದು ಬಿಯರ್ ಹೇಳು."

ಮಾಲ್ಟ್ ಸಾರವನ್ನು ನೀವು ನೋಡಿರಲಿಕ್ಕಿಲ್ಲ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬಿಸಿನೀರಿನಲ್ಲಿ ಅದರ ಸಿಹಿಯನ್ನೆಲ್ಲ ಇಳಿಸಿ, ಆ ನೀರನ್ನು ಬತ್ತಿಸಿದರೆ ಸಿಗುವ ಪಾಕ ಅದು. ಜೋನಿ ಬೆಲ್ಲದಷ್ಟು ದಪ್ಪ. ಬಣ್ಣವೂ ಹೆಚ್ಚುಕಡಿಮೆ ಅದೇ. ನಮ್ಮ ಬಾಲ್ಯದಲ್ಲಿ ಅದು ಮದ್ದು. ಮೂಲ್ಕಿಯ ನಮ್ಮ ಮನೆಯಲ್ಲಿ ಸುಧಾಕರ ಹುಟ್ಟಿನಿಂದಲೇ ಕಡ್ಡಿಯ ಹಾಗಿದ್ದ. ಮಿಶನ್ ಆಸ್ಪತ್ರೆಯ ಡಾಕ್ಟ್ರಮ್ಮ ಅವನ ಪಕ್ಕೆಲುಬುಗಳ ಮೇಲೆ ಬೆರಳಾಡಿಸಿ, ಮೀನೆಣ್ಣೆ ಬೆರೆಸಿದ ಮಾಲ್ಟಿನ ಡಬ್ಬಿ ಬರೆದುಕೊಟ್ಟಿದ್ದರು. ಅಮ್ಮ ಬೀಡಿ ಕಟ್ಟುವ ಗೆರಸೆಯನ್ನು ಮಡಿಲಿನಿಂದ ಕೆಳಗಿಟ್ಟು, ಕೈಯ ಹೊಗೆಸೊಪ್ಪಿನ ವಾಸನೆ ಹೋಗುವವರೆಗೆ ಸಾಬೂನು ಹಾಕಿ ತೊಳೆದು, ಚಮಚವನ್ನು ಡಬ್ಬಿಗೆ ಇಳಿಸುತ್ತಿದ್ದಳು. ಚಮಚ ಮೇಲೆ ಬಂದರೂ ಪಾಕ ಡಬ್ಬಿಯನ್ನು ಬಿಡುತ್ತಿರಲಿಲ್ಲ. ಎಳೆ ಉದ್ದವಾಗುತ್ತ ಉದ್ದವಾಗುತ್ತ ಅಮ್ಮನ ತಾಳ್ಮೆ ಕಡಿದ ಮೇಲೆ ಕಡಿಯುತ್ತಿತ್ತು. ಮೀನೆಣ್ಣೆಯ ನಾತಕ್ಕೆ ಸುಧಾಕರ ಬಾಯಿ ಬಿಗಿ ಹಿಡಿಯುತ್ತಿದ್ದ. ದಪ್ಪಗಿದ್ದ ನನಗೆ ಯಾರೂ ಬರೆದುಕೊಡದ ಆ ಮದ್ದಿನ ಮೇಲೆ ಅಪಾರ ಆಸೆ. ಅವನು ಉಗುಳುವ ಮುಖ ಮಾಡಿದಾಗೆಲ್ಲ ನಾನು ಪಕ್ಕದಲ್ಲೇ ಬಾಯಿ ತೆರೆದುಕೊಂಡು ಕೂತಿರುತ್ತಿದ್ದೆ, ಗೂಡಿನ ಮರಿಯ ಹಾಗೆ. "ನೀನು ಕುಡಿದ್ರೆ ಇವ ಬದುಕುದು ಹೇಗೆ?" ಎಂದು ಅಮ್ಮ ಬೈಯುತ್ತಿದ್ದಳು.

ಬಹುಶಃ ಆ ಆಸೆಯೇ ನನ್ನನ್ನು ಮುಂದೆ ಬಿಯರ್ ಕಾರ್ಖಾನೆಗೆ ಎಳೆದುಕೊಂಡು ಹೋಯಿತೋ ಏನೋ. ಸೂಕ್ಷ್ಮಜೀವಶಾಸ್ತ್ರ ಓದಿ ಮುಗಿಸಿದ ಮೇಲೆ ನನಗೆ ಸಿಕ್ಕಿದ ಮೊದಲ ಕೆಲಸ ಒಂದು ಬ್ರೂವರಿಯ ಪ್ರಯೋಗಾಲಯದಲ್ಲಿ. ದೊಡ್ಡ ದೊಡ್ಡ ಸ್ಟೀಲಿನ ಹಂಡೆಗಳಿಂದ ಮಾದರಿ ತಂದು, ಯೀಸ್ಟು ಬದುಕಿದೆಯೋ ಸತ್ತಿದೆಯೋ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು ನನ್ನ ಕಸುಬು. ಮದುವೆಯ ಮಾತುಕತೆ ಶುರುವಾದಾಗ ಅಮ್ಮ ಗಂಡಿನ ಕಡೆಯವರ ಹತ್ತಿರ, "ನಮ್ಮ ವಾರಿಜ ಬಾರ್ಲಿ ಫ್ಯಾಕ್ಟರಿಯಲ್ಲಿ ಇರುದು" ಎಂದು ಹೇಳಿದಳು. ಅತ್ತೆಯವರು ಬಹಳ ಸಂತೋಷಪಟ್ಟು, "ಬಾಣಂತಿಯರಿಗೆ ಬಾರ್ಲಿ ಒಳ್ಳೆದು" ಎಂದರಂತೆ. ಪ್ರಭಾಕರರನ್ನು ಮದುವೆಯಾಗಿ ಮಸ್ಕತ್ತಿಗೆ ಬಂದ ಮೇಲೆ ನಾನು ಇಲ್ಲಿನ ಒಂದು ಭಾರತೀಯ ಶಾಲೆಯಲ್ಲಿ ಜೀವಶಾಸ್ತ್ರದ ಟೀಚರಾದೆ. ಈಗಲೂ ಹುದುಗುವಿಕೆಯ ಪಾಠ ಬಂದಾಗ ಬ್ರೆಡ್ಡಿನ ಉದಾಹರಣೆ ಕೊಟ್ಟು, ಬೇಗ ಬೇಗ ಮುಂದಿನ ಪುಟಕ್ಕೆ ಹಾರುತ್ತೇನೆ. ಇಡೀ ಓಮಾನಿನಲ್ಲಿ ಬಿಯರಿನ ವಿಷಯ ಇಷ್ಟು ತಿಳಿದೂ ಇಷ್ಟು ಬಾಯಿ ಮುಚ್ಚಿಕೊಂಡಿರುವ ಹೆಂಗಸು ನಾನೊಬ್ಬಳೇ ಇರಬೇಕು.

ಸುಧಾಕರ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಒಂದು ಸಣ್ಣ ಊರಿನಲ್ಲಿದ್ದಾನೆ. ಹಾಲಿನ ಪುಡಿ ಮಾಡುವ ಕಾರ್ಖಾನೆಯಲ್ಲಿ ಯಂತ್ರಗಳ ದುರಸ್ತಿ ನೋಡಿಕೊಳ್ಳುತ್ತಾನೆ. ಅವನೂ ಅವನ ಹೆಂಡತಿ ರೇಖಾಳೂ ಇಬ್ಬರೇ, ಮಕ್ಕಳಾಗಲಿಲ್ಲ. ಕಳೆದ ವರ್ಷ ರೇಖಾ ಕಾಯಿಲೆ ಬಿದ್ದಳು. ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ. ನನಗೆ ವೀಸಾ ಸಿಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂತ್ಯಕ್ರಿಯೆಯನ್ನು ನಾನು ಫೋನಿನಲ್ಲಿ ನೋಡಿದೆ. ಅಂಗೈಯಷ್ಟು ಪರದೆಯಲ್ಲಿ ನನ್ನ ತಮ್ಮ ಕಪ್ಪು ಕೋಟು ಹಾಕಿಕೊಂಡು ಯಾರದೋ ಪಕ್ಕ ನಿಂತಿದ್ದ. ನಡುವೆ ಚಿತ್ರ ಸಿಕ್ಕಿಹಾಕಿಕೊಂಡು, ಅವನು ತಲೆ ತಗ್ಗಿಸಿದ ಹಾಗೆಯೇ ಬಹಳ ಹೊತ್ತು ನಿಂತುಬಿಟ್ಟ. ಇಂಟರ್ನೆಟ್ಟು ಸರಿಯಾದ ಮೇಲೂ ಅವನು ಹಾಗೆಯೇ ಇದ್ದ.

ಆಮೇಲೆ ದಿನಾ ಫೋನು ಮಾಡಿದರೂ ಅವನದು ಒಂದೇ ಉತ್ತರ: "ಹ್ಞಾಂ, ಇದ್ದೇನೆ." ಬರುತ್ತೇನೆಂದರೆ "ಬೇಡ ಅಕ್ಕ." ನೀನಾದರೂ ಬಾ ಎಂದರೆ "ನೋಡುವ." ಒಂದು ಸಂಜೆ ಮಾತ್ರ, ಏನೋ ಹವಾಮಾನದ ವಿಷಯ ಹೇಳುವವನ ಹಾಗೆ, "ಬೆಳಿಗ್ಗೆ ಎದ್ದು ಎಂತಕ್ಕೆ ಇರುದು ಅಂತ ಗೊತ್ತಾಗುದಿಲ್ಲ" ಎಂದ. ಡಾಕ್ಟರ ಹತ್ತಿರ ಹೋಗು ಎಂದೆ. ಹೋದ, ಗುಳಿಗೆ ಕೊಟ್ಟರು. ಅಲ್ಲಿಯ ನರ್ಸಮ್ಮನೇ ಅವನಿಗೆ ಊರಿನ ಶೆಡ್ಡಿನ ವಿಳಾಸ ಹೇಳಿದ್ದಂತೆ. ಒಂಟಿಯಾಗಿರುವ ಗಂಡಸರು ಶನಿವಾರ ಅಲ್ಲಿ ಸೇರಿ ಮುರಿದ ಕುರ್ಚಿ ರಿಪೇರಿ ಮಾಡುತ್ತಾರೆ, ಹಕ್ಕಿಗೂಡು ಕಟ್ಟುತ್ತಾರೆ. ಸುಧಾಕರ ಹೋಗಿ ಮೂಲೆಯಲ್ಲಿ ಕೂತು ಬರುತ್ತಿದ್ದ. ಒಂದು ಶನಿವಾರ ಅವರಿಗೆ ಬಿಯರ್ ಮಾಡುವ ಹುಚ್ಚು ಹಿಡಿಯಿತು. ಆ ದೇಶದಲ್ಲಿ ಮನೆಯಲ್ಲಿ ತಮ್ಮ ಪಾಡಿಗೆ ಬಿಯರ್ ಮಾಡಿಕೊಳ್ಳಲು ಅಡ್ಡಿಯಿಲ್ಲ. ಆದರೆ ಒಬ್ಬರಿಗೂ ಗೊತ್ತಿಲ್ಲ. ಆಗ ಮೂಲೆಯಿಂದ ನನ್ನ ತಮ್ಮ, "ನನ್ನ ಅಕ್ಕನಿಗೆ ಗೊತ್ತುಂಟು" ಎಂದನಂತೆ.

ಅವನು ಅಲ್ಲಿ ಆಡಿದ ಮೊದಲ ಮಾತು ಅದೇ ಎಂದು ಆಮೇಲೆ ತಿಳಿಯಿತು.

ಹೀಗೆ ಹಮೀದಾಕನ ಕಪಾಟಿನ ಮುಂದೆ ನಾನು ನಿಂತದ್ದು. ಪಾಕದ ರುಚಿ ನಾಲಿಗೆಗೆ ಮರೆತುಹೋಗಿತ್ತು. ಮತ್ತೆ ನೆನಪು ಮಾಡಿಕೊಂಡಲ್ಲದೆ ಇನ್ನೊಬ್ಬರಿಗೆ ಹೇಳುವುದು ಹೇಗೆ? ಡಬ್ಬಿ ತೆಗೆದುಕೊಂಡೆ. ಪಕ್ಕದಲ್ಲಿ ಒಣ ಯೀಸ್ಟಿನ ಪೊಟ್ಟಣವಿತ್ತು. ಶಾಲೆ ತೆರೆದ ಮೇಲೆ ಪಾಠಕ್ಕೆ ಬೇಕಾದೀತೆಂದು ಅದನ್ನೂ ಎತ್ತಿಕೊಂಡೆ. ಎರಡನ್ನೂ ಮೇಜಿನ ಮೇಲಿಟ್ಟಾಗ ಹಮೀದಾಕ ಡಬ್ಬಿ ನೋಡಿದರು, ಪೊಟ್ಟಣ ನೋಡಿದರು, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ಎಂತ ವಾರಿಜಕ್ಕ, ಬ್ರೆಡ್ ಮಾಡ್ಲಿಕ್ಕಾ?"

"ಅಲ್ಲ ಹಮೀದಾಕ, ರುಚಿ ನೋಡ್ಲಿಕ್ಕೆ."

"ಈಸ್ಟಿನ ರುಚಿಯಾ?"

ನಾನು ತಬ್ಬಿಬ್ಬಾದೆ. ಅವರು ಡಬ್ಬಿಯನ್ನು ಒಂದು ಕಡೆ, ಪೊಟ್ಟಣವನ್ನು ಇನ್ನೊಂದು ಕಡೆ ಸರಿಸಿದರು. ಜಗಳವಾಡುವ ಇಬ್ಬರು ಮಕ್ಕಳನ್ನು ಬಿಡಿಸಿ ಕೂರಿಸಿದ ಹಾಗೆ.

"ನಿಮ್ಮ ಮೇಲೆ ಸಂಶಯ ಅಲ್ಲ. ನಮ್ಮ ಊರಿನವನೇ ಒಬ್ಬ ರೂಮಲ್ಲಿ ಬಕೆಟಿಗೆ ಎಂತೆಂತದೋ ಹಾಕಿ ಮುಚ್ಚಿಟ್ಟು ಸಿಕ್ಕಿಬಿದ್ದ. ವೀಸಾ ಕೊಟ್ಟ ಕಫೀಲನೂ ಕೈಬಿಟ್ಟ. ಖಲಾಸ್, ಸೀದಾ ಊರಿಗೆ. ಪ್ರಭಾಕರಣ್ಣನ ಕೆಲಸ, ನಿಮ್ಮ ಶಾಲೆ, ಎಲ್ಲ ಉಂಟಲ್ಲ? ಡಬ್ಬಿ ಕೊಂಡೋಗಿ. ಈಸ್ಟ್ ನಾನು ಕೊಡುದಿಲ್ಲ."

ನಾನು ಸುಧಾಕರನ ಕತೆ ಹೇಳಿದೆ. ಹೇಳುವಾಗ ಬಿಯರಿನ ಮಾತು ಬಂದಲ್ಲೆಲ್ಲ ನನ್ನ ಧ್ವನಿ ತಾನಾಗಿಯೇ ತಗ್ಗುತ್ತಿತ್ತು. ಹಮೀದಾಕ ಬೇರೆ ಗಿರಾಕಿಗಳಿಗೆ ಸನ್ನೆಯಲ್ಲೇ ಕಾಯಲು ಹೇಳಿ, ಕೊನೆಯವರೆಗೆ ಕೇಳಿದರು.

"ನೋಡಿ, ಆ ಬಿಯರಿನ ವಿಷಯ ನನಗೆ ಬೇಡ. ಅದು ನಮಗೆ ಆಗುದಿಲ್ಲ, ನಿಮಗೂ ಗೊತ್ತುಂಟು. ತಮ್ಮನ ವಿಷಯ ಹೇಳಿ. ಅವ ಸರಿ ಊಟ ಮಾಡ್ತಾನಾ?"

ಇಷ್ಟು ತಿಂಗಳಲ್ಲಿ ಎಷ್ಟು ಸಲ ಕೇಳಿದ್ದೆನೋ, "ಹ್ಞಾಂ" ಎಂಬುದನ್ನೇ ನಂಬಿಕೊಂಡಿದ್ದೆ. ಹಮೀದಾಕ ಒಳಗೆ ಹೋಗಿ ಬಾರ್ಲಿ ಹಿಟ್ಟಿನ ಒಂದು ಪೊಟ್ಟಣ ತಂದರು.

"ನಮ್ಮಲ್ಲಿ ದುಃಖದಲ್ಲಿ ಇರುವವರಿಗೆ ಇದನ್ನು ಹಾಲಲ್ಲಿ ಕಾಯಿಸಿ, ಸ್ವಲ್ಪ ಜೇನು ಹಾಕಿ ಕೊಡುದು. ತಲ್ಬೀನಾ ಅಂತಾರೆ. ಗಂಜಿಯ ಹಾಗೆಯೇ. ನನ್ನ ಉಮ್ಮ ತೀರಿಹೋದಾಗ ಇಲ್ಲಿಯ ಒಬ್ಬ ಅರಬಿ ನೆರೆಯವರು ಮೂರು ಹೊತ್ತೂ ತಂದು ಕೊಟ್ಟಿದ್ರು. ಬೇರೆ ಎಂತದೂ ಗಂಟಲಲ್ಲಿ ಇಳೀತಿರ್ಲಿಲ್ಲ, ಇದು ಇಳೀತು. ಅವನಿಗೆ ಹೇಳಿ. ಅಲ್ಲಿ ಬಾರ್ಲಿ ಸಿಗ್ತದಲ್ಲ?"

ಬಾರ್ಲಿ ಸಿಗದಿದ್ದರೆ ಬಿಯರ್ ಹೇಗೆ ಆಗುತ್ತದೆ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.

ಮನೆಗೆ ಬಂದು ಸುಧಾಕರನಿಗೆ ತಲ್ಬೀನಾದ ವಿಷಯ ಹೇಳಿದೆ. ಅವನು ಹೇಳಿದ, "ನೀನು ಬಿಯರ್ ಹೇಳ್ತಿ, ಅವ್ರು ಗಂಜಿ ಹೇಳ್ತಾರೆ. ಎರಡೂ ಬಾರ್ಲಿಯೇ ಅಲ್ವಾ ಅಕ್ಕ?" ಅದರ ಕೊನೆಯಲ್ಲಿ ನಗುವಿನಂಥದ್ದೊಂದು ಇತ್ತು. ಪೂರ್ತಿ ನಗು ಎಂದು ಹೇಳಲಾರೆ.

ಇನ್ನು ಯಾವ ಬಿಯರ್ ಎಂಬ ಆಯ್ಕೆ. ಶಾಲೆಗೆ ಬೇಸಿಗೆ ರಜೆ. ಹೊರಗೆ ಜೂನಿನ ಬಿಸಿಲು, ತಣ್ಣೀರಿನ ನಲ್ಲಿಯಲ್ಲೇ ಬಿಸಿನೀರು ಬರುವ ಕಾಲ. ನನ್ನ ಬೆಳಗಿನ ಕಾಫಿಯ ಹೊತ್ತಿಗೆ ಅವನಿಗೆ ಕೆಲಸ ಮುಗಿದ ಚಳಿಯ ಸಂಜೆ. ಆ ಹೊತ್ತಿಗೆ ದಿನಾ ಮಾತು. ಶೆಡ್ಡಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಆಸೆ. ಗ್ರಹಾಂ ಎಂಬ ಹಿರಿಯ, ಲಾರಿ ಓಡಿಸಿ ನಿವೃತ್ತನಾದವನು, ಡಿಕಾಕ್ಷನಿನಷ್ಟು ಕಪ್ಪಾದ, ಮೈ ಬೆಚ್ಚಗಾಗುವ ಬಿಯರ್ ಬೇಕೆಂದ. ಇನ್ನೊಬ್ಬರಿಗೆ ಗಾಜಿನ ಹಾಗೆ ತಿಳಿಯಾದ ಲಾಗರ್. ಇನ್ಯಾರಿಗೋ ಮಾವಿನ ಹಣ್ಣಿನ ವಾಸನೆ ಬರುವಂಥದ್ದು.

"ನಿನಗೆ ಎಂತ ಬೇಕು?" ಎಂದು ಸುಧಾಕರನನ್ನು ಕೇಳಿದೆ.

"ನನಗೆ ಎಂತದೂ ಆದೀತು."

"ಎಂತದೂ ಆದೀತು ಅಂತ ಒಂದು ಬಿಯರ್ ಇಲ್ಲ ಮಾರಾಯ."

ತಿಳಿ ಲಾಗರ್ ನೋಡಲು ಸರಳ. ಮಾಡಲು ಅದರಷ್ಟು ಕಷ್ಟದ್ದು ಬೇರೆ ಇಲ್ಲ. ವಾರಗಟ್ಟಲೆ ಒಂದೇ ಸಮನೆ ತಣ್ಣಗಿಡಬೇಕು. ಎಲ್ಲಿ ಎಡವಿದರೂ ಬಿಳಿ ಪಂಚೆಯ ಮೇಲಿನ ಕಲೆಯ ಹಾಗೆ ಎದ್ದು ಕಾಣುತ್ತದೆ. ಮಾವಿನ ವಾಸನೆಯದಕ್ಕೆ ಹಾಪ್ಸ್ ಎಂಬ ಬಳ್ಳಿಯ ಹೂವುಗಳನ್ನು ನಾಲ್ಕಾರು ಬಗೆಯಲ್ಲಿ, ನಾಲ್ಕಾರು ಸಲ ಹಾಕಬೇಕು. ಹೊಸಬರ ಕೈಗೆ ಅಷ್ಟು ಹೂ ಕೊಟ್ಟರೆ ಕಷಾಯ ಮಾಡಿಡುತ್ತಾರೆ. ಕಡುಗಪ್ಪಿನದಕ್ಕೆ ಹುರಿದ ಧಾನ್ಯ ಬೇಕು, ಅದನ್ನು ಬೇರೆಯಾಗಿ ನೆನೆಸಬೇಕು. ಇಷ್ಟೆಲ್ಲ ಆದ ಮೇಲೆ ಉಳಿಯುವುದು ಕಂದು ಬಣ್ಣದ, ಮಧ್ಯಮ ಹದದ ಒಂದು ಏಲ್, ಲಾಗರಿನಷ್ಟು ತಣ್ಣಗಿಡಬೇಕಾಗಿಲ್ಲದ ಬಿಯರ್. ಸಾರವನ್ನು ಕಾರ್ಖಾನೆಯವರೇ ತೆಗೆದು ಡಬ್ಬಿಯಲ್ಲಿ ತುಂಬಿರುವುದರಿಂದ ಅರ್ಧ ಕೆಲಸ ಆಗಿರುತ್ತದೆ. ಒಂದೇ ಬಗೆಯ ಮಾಲ್ಟ್ ಪಾಕ, ಒಂದೇ ಬಗೆಯ ಹಾಪ್ಸ್, ಒಂದೇ ಪೊಟ್ಟಣ ಯೀಸ್ಟ್. ಹೂವಿನಲ್ಲಿ ಸ್ವಲ್ಪ ಕುದಿಯ ಶುರುವಿಗೆ, ಕಹಿಗೆಂದು. ಸ್ವಲ್ಪ ಕೊನೆಗೆ, ಪರಿಮಳಕ್ಕೆಂದು. ಮಾಡುವವರು ಸಣ್ಣಪುಟ್ಟ ತಪ್ಪು ಮಾಡಿದರೂ ಅದು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ನಮ್ಮ ಕಾರ್ಖಾನೆಯ ಹಿರಿಯ ಬ್ರೂಮಾಸ್ಟರು ಹೇಳುತ್ತಿದ್ದರು, ಹೊಸಬನಿಗೆ ರುಚಿ ಕಲಿಸಬೇಡ, ಪಾತ್ರೆ ತೊಳೆಯುವುದನ್ನು ಕಲಿಸು, ರುಚಿ ತಾನಾಗಿ ಬರುತ್ತದೆ ಎಂದು.

ನಿಜ ಹೇಳಬೇಕೆಂದರೆ, ಇದೆಲ್ಲ ನನಗೆ ಮೊದಲ ದಿನ ಫೋನು ಇಡುವ ಮೊದಲೇ ಗೊತ್ತಿತ್ತು. ಹೇಳಿಬಿಟ್ಟರೆ ಮಾತು ಮುಗಿಯುತ್ತದಲ್ಲ ಎಂದು ಎಳೆದೆ. ಅಂಗಡಿಗೆ ಹೋಗಿ ಡಬ್ಬಿಗಳ ಫೋಟೋ ಕಳಿಸು ಎಂದೆ, ಕಳಿಸಿದ. ತೆಳು ಬಣ್ಣದ್ದೋ, ಕಂದೋ, ಹಣೆಪಟ್ಟಿ ಓದು ಎಂದೆ, ಓದಿದ. ಊರಿನ ನೀರು ಹೇಗಿದೆ, ಕ್ಲೋರಿನ್ ವಾಸನೆ ಉಂಟಾ, ದೊಡ್ಡ ಪಾತ್ರೆ ಯಾರ ಮನೆಯಲ್ಲಿದೆ ಎಂದೆಲ್ಲ ಕೇಳಿದೆ. ಪಾತ್ರೆಗಾಗಿ ಅವನು ಗ್ರಹಾಂನ ಮನೆಗೆ ಹೋಗಬೇಕಾಯಿತು, ಅಲ್ಲಿ ಊಟ ಮಾಡಬೇಕಾಯಿತು.

ಈ ನಡುವೆ ಒಂದು ಶುಕ್ರವಾರ ನಾನು ಹಮೀದಾಕನ ಡಬ್ಬಿಯ ಪಾಕವನ್ನು ನೀರಿಗೆ ಬೆರೆಸಿ ಕುದಿಸಿದೆ. ಯೀಸ್ಟ್ ಹಾಕುವ ಮುಂಚಿನ ಸಿಹಿ ಕಷಾಯ ಅದು. ಅದರಲ್ಲಿ ಅಮಲಿನ ಹನಿಯೂ ಇಲ್ಲ. ಆದರೆ ಪರಿಮಳ ಇದೆಯಲ್ಲ, ಅದು ಮನೆ ತುಂಬಿ, ಬಾಗಿಲ ಸಂದಿಯಿಂದ ಮೆಟ್ಟಿಲಿಗೂ ಇಳಿಯಿತು. ಇವರು ಪೇಪರು ಬಿಟ್ಟು ಅಡುಗೆಮನೆಗೆ ಓಡಿಬಂದರು.

"ವಾರಿಜಾ, ಯಾರಾದ್ರೂ ವಾಸನೆ ಹಿಡಿದು ಬಂದ್ರೆ ಎಂತ ಹೇಳುದು?"

"ಹಾರ್ಲಿಕ್ಸ್ ಅಂತ ಹೇಳಿ."

"ಇಷ್ಟು ದೊಡ್ಡ ಪಾತ್ರೆಯಲ್ಲಿ ಹಾರ್ಲಿಕ್ಸಾ?"

ಇವರು ಎಲ್ಲ ಕಿಟಕಿ ತೆರೆದರು. ಹೊರಗಿನ ಕುಲುಮೆಯಂಥ ಗಾಳಿ ಒಳಗೆ ನುಗ್ಗಿತು. ಮತ್ತೆ ಎಲ್ಲ ಮುಚ್ಚಿದರು. ಯಾರೂ ಬರಲಿಲ್ಲ. ಕೊನೆಗೆ ಇಬ್ಬರೂ ಬೆವರುತ್ತ ಲೋಟದಲ್ಲಿ ಆ ಕಷಾಯ ಕುಡಿದೆವು. ಒಂದು ಗುಟುಕಿನ ನಂತರ ಇವರು, "ಸುಧಾಕರನಿಗೆ ಇದು ಆಗಬಹುದು" ಎಂದರು. ಭಾವನ ಬಾಯಿಂದ ಅಷ್ಟು ಸಾಕು ಎಂದು ನಾನು ಆ ದಿನವೇ ತಮ್ಮನಿಗೆ ಅಳತೆ, ವಿಧಾನ ಎಲ್ಲ ಹೇಳಿ ಮುಗಿಸಿದೆ.

ಮುಂದಿನ ಶನಿವಾರ ಅವರು ಶೆಡ್ಡಿನಲ್ಲಿ ಒಲೆ ಹೊತ್ತಿಸಿದರು. ಅಲ್ಲಿ ಮಧ್ಯಾಹ್ನ, ನನಗೆ ಬೆಳಗು. ಸುಧಾಕರ ಫೋನನ್ನು ಕಪಾಟಿಗೆ ಒರಗಿಸಿಟ್ಟಿದ್ದ. ಉಣ್ಣೆ ಟೋಪಿ ಹಾಕಿಕೊಂಡ ಮುದುಕರ ಹಿಂದೆ ನನ್ನ ತಮ್ಮ ಕಾಣುತ್ತಿದ್ದ, ಬಹಳ ಇಳಿದುಹೋಗಿದ್ದ.

"ಪಾಕ ಹಾಕುವಾಗ ಒಲೆ ಆರಿಸು! ಇಲ್ಲದಿದ್ರೆ ಅಡಿ ಹಿಡೀತದೆ!" ಎಂದು ನಾನು ಮಸ್ಕತ್ತಿನಿಂದ ಕೂಗಿದೆ. ಅವನು ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಮುದುಕರೆಲ್ಲ ಒಟ್ಟಿಗೆ ಒಲೆಗೆ ಬಾಗಿದರು. ಪಾಕ ಎಳೆಯೆಳೆಯಾಗಿ ಇಳಿಯಿತು. ಹೂ ಹಾಕಿದರು, ಕುದಿಸಿದರು, ಪಾತ್ರೆಯನ್ನು ಹಿಮದಂಥ ನೀರಿನಲ್ಲಿಟ್ಟು ಆರಿಸಿದರು. ತೊಳೆದದ್ದನ್ನೇ ಮತ್ತೆ ಮತ್ತೆ ತೊಳೆಸಿದೆ. ಮುಚ್ಚಳವಿರುವ ದೊಡ್ಡ ಬಕೆಟಿಗೆ ಸುರಿದು ಯೀಸ್ಟು ಉದುರಿಸಿದರು. ಮುಚ್ಚಳದ ತೂತಿಗೆ ನೀರು ತುಂಬಿದ ಒಂದು ಪುಟ್ಟ ನಳಿಗೆ ಸಿಕ್ಕಿಸಿದರು. ಒಳಗೆ ಹುದುಗತೊಡಗಿದರೆ ಗಾಳಿ ಆ ನಳಿಗೆಯಲ್ಲಿ ಗುಳ್ಳೆಯಾಗಿ ಹೊರಬರುತ್ತದೆ. ಹೊಸಬರಿಗೆ ಅದೊಂದೇ ಗುರುತು.

ಮರುದಿನ ಗುಳ್ಳೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ಸಂಜೆ ಸುಧಾಕರ ಫೋನು ಮಾಡಿದಾಗ ಅವನ ಧ್ವನಿ ಮತ್ತೆ ಹಳೆಯ ಜಾಗಕ್ಕೆ ಹೋಗಿತ್ತು.

"ಸತ್ತಿದೆ ಅಕ್ಕ. ಎಂತದೂ ಇಲ್ಲ. ಚೆಲ್ಲಿಬಿಡ್ತೇನೆ."

"ಚೆಲ್ಲಬೇಡ. ಬಕೆಟಿಗೆ ಕೈ ಇಟ್ಟು ನೋಡು. ಹೇಗುಂಟು?"

"ಐಸಿನ ಹಾಗೆ ಉಂಟು. ಶೆಡ್ಡಿನಲ್ಲಿ ಹೀಟರ್ ಇಲ್ಲ."

"ಹಾಗಾದ್ರೆ ಸತ್ತಿಲ್ಲ. ಚಳಿಗೆ ಮಲಗಿದೆ ಅಷ್ಟೆ. ನಾನು ಎಷ್ಟು ವರ್ಷ ಅದನ್ನೇ ನೋಡಿಕೊಂಡು ಇದ್ದವಳು. ಬೆಚ್ಚಗಿನ ಕಡೆಗೆ ಕೊಂಡೋಗು. ನಿನ್ನ ಮನೆಯಲ್ಲಿ ರಾತ್ರಿ ಹಗಲು ಒಂದೇ ಹದಕ್ಕೆ ಬೆಚ್ಚಗಿರುವ ಕೋಣೆ ಯಾವುದುಂಟು?"

ಲೈನು ಕಡಿಯಿತೆಂದು "ಹಲೋ, ಹಲೋ" ಎಂದೆ.

"ಒಂದು ಉಂಟು," ಎಂದ. "ಹೀಟರ್ ಇರುವುದು ಅಲ್ಲಿ ಮಾತ್ರ. ನಾನು ಅಲ್ಲಿಗೆ ಹೋಗುದಿಲ್ಲ."

ಆಗ ನನಗೆ ತಿಳಿಯಿತು. ರೇಖಾ ಹೋದ ಮೇಲೆ ಅವನು ಮಲಗುವ ಕೋಣೆಯ ಬಾಗಿಲು ಮುಚ್ಚಿದವನು ಮತ್ತೆ ತೆರೆದಿರಲಿಲ್ಲ. ಬಟ್ಟೆಯನ್ನು ಹಜಾರದಲ್ಲಿ ಒಂದು ಪೆಟ್ಟಿಗೆಯಲ್ಲಿಟ್ಟುಕೊಂಡು, ಸೋಫಾದ ಮೇಲೆ ಕೋಟು ಹೊದ್ದು ಮಲಗುತ್ತಿದ್ದ. ಚಳಿಗಾಲ ಬಂದರೂ ಹಾಗೆಯೇ. ಇಷ್ಟು ತಿಂಗಳು ನಾನು ಊಟ ಆಯ್ತಾ, ಗುಳಿಗೆ ತಗೊಂಡಿಯಾ ಎಂದು ಕೇಳಿದ್ದೆ. ಎಲ್ಲಿ ಮಲಗುತ್ತಿ ಎಂದು ಕೇಳಬೇಕೆಂದು ಹೊಳೆದಿರಲಿಲ್ಲ. ಈಗ ಏನು ಹೇಳಲಿ? ಬೇಡ ಬಿಡು, ಚೆಲ್ಲು ಎನ್ನಲೇ? ಹೋಗು, ತೆರೆ ಎನ್ನಲೇ? ಎರಡೂ ನನ್ನಿಂದ ಆಗಲಿಲ್ಲ. "ನೋಡು, ನಿನಗೆ ಆದ್ರೆ ಮಾತ್ರ," ಎಂದೆ.

ಶೆಡ್ಡು ಅವನ ಮನೆಯ ಹಿಂದಿನ ಬೀದಿಯಲ್ಲೇ. ಅವನು ಫೋನು ಕಡಿಯಲಿಲ್ಲ, ಕಿಸೆಗೆ ಹಾಕಿಕೊಂಡಿರಬೇಕು. ಫೋನಿಗೆ ಬಟ್ಟೆ ಉಜ್ಜುವ ಸದ್ದು, ಗ್ರಹಾಂ ಏನೋ ಹೇಳಿದ್ದು, ಕೈಗಾಡಿಯ ಚಕ್ರ ಜಲ್ಲಿಯ ಮೇಲೆ ಉರುಳಿದ್ದು ಕೇಳಿಸಿತು. ನಾನು ಕಾಫಿ ಲೋಟ ಹಿಡಿದು ನಿಂತೇ ಇದ್ದೆ. ಇವರು ಬಂದು ಏನೆಂದು ಕಣ್ಣಲ್ಲೇ ಕೇಳಿದರು. ಸುಮ್ಮನಿರಿ ಎಂದು ಕೈ ಮಾಡಿದೆ. ಮನೆಯ ಬಾಗಿಲು ತೆರೆದ ಸದ್ದು. ಆಮೇಲೆ ಏನೂ ಇಲ್ಲ. ಅವನ ಉಸಿರು ಮಾತ್ರ. ಅವನು ಆ ಬಾಗಿಲ ಮುಂದೆ ಎಷ್ಟು ಹೊತ್ತು ನಿಂತಿದ್ದನೋ, ನನಗೆ ಗಡಿಯಾರ ನೋಡುವ ಧೈರ್ಯ ಇರಲಿಲ್ಲ. ಕೊನೆಗೆ ಚಿಲಕ ತಿರುಗಿತು.

ಬಕೆಟು ನೆಲಕ್ಕೆ ತಾಗಿದ ಸದ್ದು, ಹೀಟರಿನ ಗುಂಡಿ ಒತ್ತಿದ ಸದ್ದು. ಆಮೇಲೆ ನನ್ನ ತಮ್ಮ ಅತ್ತ. ಆಸ್ಪತ್ರೆಯಿಂದ ಮಾತಾಡುವಾಗ, ಅಂತ್ಯಕ್ರಿಯೆಯಲ್ಲಿ, ಆಮೇಲಿನ ಯಾವ ಫೋನಿನಲ್ಲೂ ಅವನು ಅತ್ತದ್ದನ್ನು ನಾನು ಕೇಳಿರಲಿಲ್ಲ. ಸಣ್ಣವನಿದ್ದಾಗ ಅಳುತ್ತಿದ್ದ ಹಾಗೆಯೇ, ನಡುವೆ ಉಸಿರು ಸಿಕ್ಕಿಕೊಂಡು. ನಾನು ಸಮಾಧಾನ ಹೇಳಲಿಲ್ಲ. ಹೇಳಿದ್ದರೂ ಅವನ ಕಿಸೆಯೊಳಗೆ ಅದು ಯಾರಿಗೆ ಕೇಳಿಸಬೇಕು?

ಎರಡು ದಿನ ಅವನು ಫೋನು ಮಾಡಲಿಲ್ಲ. ನಾನೂ ಮಾಡಲಿಲ್ಲ, ಮಾಡಬೇಡಿ ಎಂದು ಇವರಿಗೂ ಹೇಳಿದೆ. ಆದರೆ ಮನೆಯಲ್ಲಿ ಪಾತ್ರೆ ಬಿದ್ದರೂ ಬೆಚ್ಚಿಬೀಳುತ್ತಿದ್ದೆ. ಸಾಮಾನಿಗೆಂದು ಹೋದಾಗ ಹಮೀದಾಕ ನನ್ನ ಮುಖ ನೋಡಿ, "ತಮ್ಮ ಹೇಗಿದ್ದಾನೆ?" ಎಂದರು. ಗೊತ್ತಿಲ್ಲ ಎಂದೆ. ಅವರು ನಮಾಜಿಗೆ ಹೊರಟಿದ್ದವರು, "ಅವನ ಹೆಸರು ಸುಧಾಕರ ಅಲ್ವಾ? ಇವತ್ತು ನೆನಪು ಮಾಡ್ಕೊಳ್ತೇನೆ," ಎಂದು ಚಪ್ಪಲಿ ಮೆಟ್ಟಿ ನಡೆದರು.

ಮೂರನೆಯ ಬೆಳಿಗ್ಗೆ ಫೋನು ಬಂತು. ಹಲೋ ಎಂದರೆ ಆಚೆ ಮಾತಿಲ್ಲ.

"ಸುಧಾಕರಾ?"

"ಶ್ಶ್. ಕೇಳು."

ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ. ಮೊದಲು ಹೀಟರಿನ ಮೊರೆತ. ಆಮೇಲೆ, ನೀರಿನೊಳಗಿಂದ ಯಾರೋ ಒಂದು ಮಾತು ಆಡಿದ ಹಾಗೆ, ಗುಳುಕ್. ಸ್ವಲ್ಪ ತಡೆದು ಮತ್ತೆ, ಗುಳುಕ್.

"ನಿನ್ನೆಯಿಂದ ಹೀಗೆಯೇ," ಎಂದ. "ನಿಲ್ಲಿಸುದೇ ಇಲ್ಲ. ರಾತ್ರಿ ಸೋಫಾದಲ್ಲಿ ಮಲಗಿದ್ರೆ ಸರಿ ಕೇಳುದಿಲ್ಲ. ನಿಂತುಹೋಯ್ತೋ ಎಂತದೋ ಅಂತ ಎದ್ದೆದ್ದು ಬರಬೇಕಾಗ್ತದೆ. ಅದಕ್ಕೆ ಇಲ್ಲಿಯೇ ಮಲಗಿದೆ."

"ನಿದ್ರೆ ಬಂತಾ?"

"ಬಂತು."

ಬಾಟಲಿ ತುಂಬುವವರೆಗಿನ ವಾರಗಳು, ತುಂಬಿ ಕಾಯುವ ವಾರಗಳು ಹಾಗೆ ಕಳೆದವು. ಬಿಯರಿಗೆ ಅವಸರವಿಲ್ಲ, ಅವಸರ ಮಾಡಿದರೆ ಬಾಟಲಿ ಸಿಡಿಯುತ್ತದೆ. ಕಾಯುವ ಹೊತ್ತಿನಲ್ಲಿ ಅವನು ರೇಖಾಳ ಬಟ್ಟೆಗಳನ್ನು ಮಡಚಿ, ಕೆಲವನ್ನು ಕೊಟ್ಟ, ಕೆಲವನ್ನು ಇಟ್ಟುಕೊಂಡ. ತಲ್ಬೀನಾವನ್ನೂ ಮಾಡಿ ನೋಡಿದ, ಗಂಟು ಗಂಟಾಯಿತಂತೆ. ಹಮೀದಾಕನಿಗೆ ಹೇಳಿದಾಗ, "ಹಿಟ್ಟನ್ನು ಮೊದಲು ತಣ್ಣನೆ ಹಾಲಲ್ಲಿ ಕಲಸಬೇಕು, ಅಷ್ಟೂ ಗೊತ್ತಿಲ್ವಾ ನ್ಯೂಜಿಲೆಂಡಿನವನಿಗೆ?" ಎಂದು ರೇಗಿದರು.

ಡಿಸೆಂಬರಿನಲ್ಲಿ ಸುಧಾಕರ ಮಸ್ಕತ್ತಿಗೆ ಬಂದ. ಬರಿಗೈಯಲ್ಲಿ ಬಂದ, ಬಿಯರ್ ತರುವುದು ಬೇಡವೆಂದು ನಾನೇ ಗದರಿಸಿ ಹೇಳಿದ್ದೆ. ಮೈ ಸ್ವಲ್ಪ ತುಂಬಿಕೊಂಡಿದ್ದ, ತಲೆ ಪೂರ್ತಿ ನರೆತಿತ್ತು. ಒಂದು ಬೆಳಿಗ್ಗೆ ಅವನನ್ನು ರುಸ್ತಾಕ್‌ನ ಕೋಟೆ ತೋರಿಸಲು ಕಾರಿನಲ್ಲಿ ಕರೆದುಕೊಂಡು ಹೊರಟೆ. ದಾರಿಯಲ್ಲಿ ಚಹಾದ ಅಂಗಡಿಯ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದೆ. ಇಲ್ಲಿನ ರೂಢಿಯಂತೆ ಎರಡು ಲೋಟ ಕರಕ್ ಚಾಯ್ ಕಾರಿನ ಕಿಟಕಿಗೇ ಬಂತು. ಮುಂದೆ ಕಂದು ಬೆಟ್ಟಗಳು, ಚಳಿಗಾಲದ ಎಳೆಬಿಸಿಲು.

"ಈಗ ಹೇಳು," ಎಂದೆ. "ಹೇಗಿತ್ತು? ಫೋನಿನಲ್ಲಿ ಒಳ್ಳೆದಾಯ್ತು ಅಂತ ಮಾತ್ರ ಹೇಳಿದ್ದಿ. ಹೇಳಿಕೊಟ್ಟವಳು ನಾನು, ಒಂದು ಗುಟುಕೂ ಸಿಕ್ಕಿಲ್ಲ. ಸರಿಯಾಗಿ ಹೇಳು."

ಸುಧಾಕರ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಯೋಚಿಸಿದ. "ಬಾಯಿಗೆ ಹಾಕಿದ ಕೂಡಲೇ ಸಿಹಿ ಅಂತ ಆಗ್ತದೆ, ಆದ್ರೆ ಸಿಹಿ ಅಲ್ಲ. ಮತ್ತೆ ಹಿಂದಿನಿಂದ ಕಹಿ ಬರ್ತದೆ. ಹಾಗಲಕಾಯಿಯ ಕಹಿ ಅಲ್ಲ, ಕಿತ್ತಳೆ ಸಿಪ್ಪೆ ಕಚ್ಚಿದ ಹಾಗೆ. ನೊರೆ ಸ್ವಲ್ಪ ಕಮ್ಮಿ. ಗ್ರಹಾಂ ಇದು ಕಪ್ಪಿಲ್ಲ, ಕಪ್ಪಿಲ್ಲ ಅಂತ ಬೈಕೊಂಡೇ ಮೂರು ಗ್ಲಾಸು ಕುಡಿದ."

"ನಿನಗೆ?"

"ನನಗೆ ಇಷ್ಟ ಆಯ್ತು." ಅವನು ಬೆಟ್ಟದ ಕಡೆ ನೋಡಿದ. "ರೇಖಾ ಇದ್ದಿದ್ರೆ ಥೂ ಅಂತ ಉಗುಳ್ತಿದ್ಳು. ಇದಕ್ಕೆ ಇಷ್ಟು ಜನ ಗಂಡಸ್ರು ಬೇಕಿತ್ತಾ ಅಂತ ಕೇಳ್ತಿದ್ಳು."

ಹೇಳಿ ನಕ್ಕ. ನಗು ನಡುವೆಯೇ ದಾರಿ ತಪ್ಪಿತು. ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ. ಆದರೆ ಮಾತು ನಿಲ್ಲಿಸಲಿಲ್ಲ. ಅವಳಿಗೆ ಕಹಿ ಎಂದರೆ ಆಗುತ್ತಿರಲಿಲ್ಲ ಅಕ್ಕ, ಒಮ್ಮೆ ಏನಾಯಿತು ಗೊತ್ತಾ, ನಾವು ಹೊಸದಾಗಿ ಆ ಊರಿಗೆ ಹೋದಾಗ, ಎಂದು ಶುರುಮಾಡಿದ.

ಕೋಟೆ ಎಲ್ಲಿಗೂ ಓಡಿಹೋಗುವುದಿಲ್ಲ ಎಂದುಕೊಂಡು ನಾನು ಕೈಚಾಚಿ ಕಾರಿನ ಎಂಜಿನ್ ಆರಿಸಿದೆ.